ಎರಡು–ಎರಡರ ನ್ಯಾಯ

ಸಂಜೆ ಏಳು ಗಂಟೆಯಾದರೆ ನಮ್ಮ ಮನೆಯಲ್ಲಿ ಮನುಷ್ಯರು ಇರಲಾಗುವುದಿಲ್ಲ. ನಡುಮನೆಯಲ್ಲಿ ಮಗ ಶ್ರೀಧರ್ ಎರಡೂ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಟಿವಿಯಲ್ಲಿ ಫುಟ್‌ಬಾಲ್ ವಿಡಿಯೊ ಗೇಮ್ ಆಡುತ್ತಾ, “ಪಾಸ್ ಕೊಡೋ ಲೇ, ಖಾಲಿ ನಿಂತಿದೀನಿ ಕಣೋ” ಎಂದು ಅರಚುತ್ತಾನೆ. ನಿಂತಿರುವುದೆಲ್ಲಿ, ಸೋಫಾದಲ್ಲಿ ಕಾಲು ಚಾಚಿಕೊಂಡು ಬಿದ್ದಿರುತ್ತಾನೆ. ಒಳಕೋಣೆಯಲ್ಲಿ ಸೊಸೆ ಅನಸೂಯ ಲ್ಯಾಪ್‌ಟಾಪಿನ ಮುಂದೆ ನಿಂತು ಕೈ ಎತ್ತುತ್ತಾಳೆ, ಇಳಿಸುತ್ತಾಳೆ, ಗೋಡೆಗೆ ಹಳದಿ ಚೀಟಿ ತೋರಿಸುತ್ತಾಳೆ. ನನ್ನ ಹೆಂಡತಿ ಕದಿರಮ್ಮ ಮುದ್ದೆ ತಿರುವುತ್ತಾ ಇಬ್ಬರಿಗೂ ಕೇಳಿಸುವಂತೆ ನಿಟ್ಟುಸಿರು ಬಿಡುತ್ತಾಳೆ. ಮೇಲೆ ಐದು ನಿಮಿಷಕ್ಕೊಂದು ವಿಮಾನ. ಈ ಗಲಾಟೆಯಲ್ಲಿ ಉಂಡು ಮಲಗಬೇಕಾದವನು ನಾನು, ಆದಿನಾರಾಯಣಪ್ಪ, ಬೂದಿಗೆರೆಯಲ್ಲಿ ನಲವತ್ತು ವರ್ಷ ನ್ಯಾಯ ಹೇಳಿದವನು.

ನ್ಯಾಯವೆಂದರೆ ಕೋರ್ಟಿನದಲ್ಲ. ಬದು ಒತ್ತುವರಿ, ಬಾವಿ ನೀರಿನ ಸರದಿ, ಅಣ್ಣತಮ್ಮಂದಿರ ಪಾಲು, ಇಂಥವು. ಎರಡೂ ಕಡೆಯವರನ್ನು ಅರಳಿಕಟ್ಟೆಯ ಮೇಲೆ ಕೂರಿಸಿ, ಅವರದನ್ನೂ ಕೇಳಿ, ಇವರದನ್ನೂ ಕೇಳಿ, ಯಾರೂ ಪೂರ್ತಿ ಗೆಲ್ಲದ, ಯಾರೂ ಪೂರ್ತಿ ಸೋಲದ ಒಂದು ಮಾತು ಹೇಳುವುದು. ಒಪ್ಪಿದರೆ ಇಬ್ಬರೂ ಒಂದೇ ತಟ್ಟೆಯಿಂದ ವೀಳ್ಯ ಎತ್ತಬೇಕು. ವೀಳ್ಯ ಎತ್ತಿದ ಮೇಲೆ ಆ ಜಗಳದ ಸುದ್ದಿ ಮತ್ತೆ ತೆಗೆಯುವಂತಿಲ್ಲ. ಹೇಳಿದವನೂ ಮಾತು ಬದಲಿಸುವಂತಿಲ್ಲ. ನಾನು ಕೊಟ್ಟ ವೀಳ್ಯ ಒಂದೂ ವಾಪಸ್ ಬಂದದ್ದಿಲ್ಲ. ವಿಮಾನ ನಿಲ್ದಾಣ ಬಂದು, ಬದುಗಳೆಲ್ಲ ಲೇಔಟಾಗಿ, ಜನ ವಕೀಲರ ಕಡೆ ತಿರುಗಿದ ಮೇಲೆ ಕಟ್ಟೆಗೆ ಬರುವವರು ಕಡಿಮೆಯಾದರು. ಆದರೂ ಎಲ್ಲಾದರೂ ಇಬ್ಬರು ಗಟ್ಟಿಯಾಗಿ ಮಾತಾಡಿದರೆ ನನ್ನ ಕಾಲು ತಾನಾಗಿ ಅತ್ತ ಹೋಗುತ್ತದೆ.

ಅನಸೂಯ ದೇವನಹಳ್ಳಿಯ ಒಂದು ಶಾಲೆಯಲ್ಲಿ ಆಟದ ಮೇಡಂ. ಫುಟ್‌ಬಾಲ್ ರೆಫರಿಯಾಗಬೇಕೆಂದು ತರಬೇತಿಗೆ ಸೇರಿದ್ದಳು. ಕೊರೊನಾ ಬಂದ ಮೇಲೆ ಆ ತರಬೇತಿಯೂ ಲ್ಯಾಪ್‌ಟಾಪಿಗೆ ಬಂದಿತ್ತು. ಮೂರ್ತಿ ಎನ್ನುವವರು ಬೆಂಗಳೂರಿನಲ್ಲಿ ಕೂತು ಪರದೆಯ ಮೇಲೆ ಆಟದ ತುಣುಕು ತೋರಿಸುತ್ತಾರೆ. ಒಬ್ಬ ಇನ್ನೊಬ್ಬನನ್ನು ಬೀಳಿಸುತ್ತಾನೆ. ತಪ್ಪು ಹೌದೋ ಅಲ್ಲವೋ, ಎಚ್ಚರಿಕೆಯ ಹಳದಿ ಚೀಟಿಯೋ ಆಟದಿಂದ ಆಚೆ ಕಳಿಸುವ ಕೆಂಪು ಚೀಟಿಯೋ, ಐದು ಸೆಕೆಂಡಿನಲ್ಲಿ ಹೇಳಬೇಕು. ಐದು ಸೆಕೆಂಡು! ಬೈಲಪ್ಪನ ತೆಂಗಿನ ಮರ ಯಾರ ಬದುವಿನಲ್ಲಿದೆ ಎಂದು ಹೇಳಲು ನಾನು ಮೂರು ದಿನ ತೆಗೆದುಕೊಂಡಿದ್ದೆ.

ಮಂಚದ ಮೇಲೆ ಕೂತು ನಾನೂ ನೋಡುತ್ತಿದ್ದೆ. ಒಂದು ದಿನದ ತುಣುಕಿನಲ್ಲಿ ಒಬ್ಬ ಆಟಗಾರ ಚೆಂಡಿನೊಂದಿಗೆ ಒಂಟಿಯಾಗಿ ಗೋಲಿನತ್ತ ಓಡುತ್ತಿದ್ದ. ಹಿಂದಿನಿಂದ ಬಂದವನು ಅವನ ಕಾಲಿಗೇ ಒದ್ದು ಉರುಳಿಸಿದ. ಅನಸೂಯ ತಡವರಿಸಿದಳು.

“ಎಚ್ಚರಿಕೆ ಕೊಟ್ಟು ಬಿಟ್ಬಿಡಮ್ಮ” ಎಂದೆ ನಾನು.

“ಹಳದಿ ಸರ್” ಎಂದಳು ಅವಳು.

“ಕೆಂಪು, ಮೇಡಂ” ಎಂದರು ಮೂರ್ತಿ. “ಅವ್ನಿಗೂ ಗೋಲಿಗೂ ಮಧ್ಯ ಕೀಪರ್ ಬಿಟ್ರೆ ಯಾರೂ ಇರ್ಲಿಲ್ಲ. ನೀವು ಇಬ್ರನ್ನೂ ಸಮಾಧಾನ ಮಾಡೋಕೆ ನೋಡ್ತೀರ. ಆಮೇಲೆ, ಹಿಂದೆ ಮಂಚದ ಮೇಲೆ ಕೂತಿರೋರು ಯಾರು?”

“ನಮ್ ಮಾವನವ್ರು ಸರ್.”

“ಕ್ಲಾಸ್ ಆಗೋವರ್ಗೂ ಸ್ವಲ್ಪ ಆಚೆ ಕಳ್ಸಿ.”

ನನ್ನ ಮನೆ, ನನ್ನ ಮಂಚ. ಎಲ್ಲೋ ಕೂತ ಒಬ್ಬ ಮೇಷ್ಟ್ರು ನನ್ನನ್ನು ಎಬ್ಬಿಸಿ ಕಳಿಸಿದ. ನಾನು ಜಗುಲಿಗೆ ಹೋಗಿ ಕೂತೆ. ಕೋಪ ಇಳಿಯಲು ಎರಡು ಲೋಟ ಕಾಫಿ ಬೇಕಾಯಿತು.

ಇಷ್ಟರ ಮೇಲೆ ಮನೆಯಲ್ಲಿರುವುದು ಒಂದೇ ವೈಫೈ. ಇವಳ ಕ್ಲಾಸೂ ಅವನ ಆಟವೂ ಏಳು ಗಂಟೆಗೇ. ಇವಳ ತುಣುಕು ನಡುವೆ ನಿಂತರೆ ಅವನ ಮೇಲೆ ಹಾರುತ್ತಾಳೆ. ಅವನ ಆಟ ನಿಂತರೆ ಗೋಲು ಹೋಯಿತೆಂದು ಅವನು ಕುಣಿಯುತ್ತಾನೆ. ನಾನು ಇಬ್ಬರನ್ನೂ ಕೂರಿಸಿ, ಸೋಮವಾರ, ಬುಧವಾರ, ಶುಕ್ರವಾರ ಅವಳಿಗೆ, ಉಳಿದದ್ದು ಅವನಿಗೆ ಎಂದು ಭಾಗ ಮಾಡಿಕೊಟ್ಟೆ. ಮೂರ್ತಿ ಮಂಗಳವಾರ ಕ್ಲಾಸ್ ಇಟ್ಟರು. ನನ್ನ ನ್ಯಾಯ ಬೆಂಗಳೂರಿನವರೆಗೆ ನಡೆಯುವುದಿಲ್ಲ.

ಹಿತ್ತಿಲಲ್ಲಿ ಅವಳು ಸೀಟಿ ಊದಿ ಕೈ ಬೀಸಿ ಅಭ್ಯಾಸ ಮಾಡುವುದನ್ನು ನೋಡಿ ಪಕ್ಕದ ಮನೆಯ ಮುನಿತಾಯಮ್ಮ, “ಏನಣ್ಣೋ, ನಿನ್ ಸೊಸೆ ವಿಮಾನ ಇಳಿಸೋ ಕೆಲ್ಸಕ್ಕೆ ಸೇರವ್ಳಾ?” ಎಂದು ಕೇಳಿದಳು. ಅದೇ ಆಗಿದ್ದರೆ ಸಂಬಳವಾದರೂ ಬರುತ್ತಿತ್ತು. ಒಂದು ದಿನ ತಡೆಯಲಾರದೆ ಅವಳನ್ನೇ ಕೇಳಿದೆ.

“ಯಾಕಮ್ಮ ನಿನ್ಗೆ ಈ ರಗಳೆ? ಇರೋ ಕೆಲ್ಸ ಸಾಲ್ದಾ?”

ಅವಳು ಬೆವರು ಒರೆಸಿಕೊಂಡಳು. “ಹನ್ನೊಂದು ವರ್ಷದಿಂದ ಟೂರ್ನಮೆಂಟಿಗೆ ಮೈದಾನ ರೆಡಿ ಮಾಡೋದು ನಾನು ಮಾವ. ಬೆಳಗ್ಗೆ ಐದಕ್ಕೆ ಹೋಗಿ ಸುಣ್ಣದ ಗೆರೆ ಎಳೀತೀನಿ. ಒಂಬತ್ತಕ್ಕೆ ಯಾರೋ ಗಂಡಸು ಸೀಟಿ ಹಿಡ್ಕೊಂಡ್ ಬರ್ತಾನೆ. ‘ಮೇಡಂ, ನೀವು ಗೆರೆ ಆಚೆ ನಿಂತ್ಕೊಳಿ’ ಅಂತಾನೆ. ನಾನೇ ಎಳೆದಿರೋ ಗೆರೆ ಅದು.” ಸೀಟಿಯ ದಾರ ಬೆರಳಿಗೆ ಸುತ್ತುತ್ತಾ, “ಈ ಸಲ ಪಾಸಾಗ್ಲಿಲ್ಲ ಅಂದ್ರೆ ಮುಗೀತು. ಮುಂದಿನ್ ವರ್ಷ ನನ್ಗೆ ವಯಸ್ಸು ಮೀರೋಗುತ್ತೆ, ಸೇರಿಸ್ಕೊಳಲ್ಲ” ಎಂದಳು.

ಅವಳು ಪಾಸಾಗಲೇಬೇಕೆಂದು ಆವತ್ತೇ ಮನಸ್ಸಿನಲ್ಲಿ ತೀರ್ಮಾನಿಸಿಬಿಟ್ಟೆ. ಕೆಟ್ಟದ್ದು ಶುರುವಾದದ್ದು ಅಲ್ಲಿಂದಲೇ.

ಕೊನೆಯ ಪರೀಕ್ಷೆ ನಿಜವಾದ ಪಂದ್ಯದಲ್ಲಿ. ದೊಡ್ಡವರ ಎರಡು ತಂಡಗಳನ್ನು ಅವಳೇ ಹೊಂದಿಸಿಕೊಂಡು ಆಡಿಸಬೇಕು, ಮೂರ್ತಿ ಫೋನಿನ ಕ್ಯಾಮೆರಾದಲ್ಲಿ ಕೂತಲ್ಲಿಂದಲೇ ನೋಡಿ ಅಂಕ ಕೊಡುತ್ತಾರೆ. ಬೂದಿಗೆರೆಯಲ್ಲಿ ಕ್ರಿಕೆಟ್ ಆಡುವವರು ನೂರು ಜನ ಸಿಗುತ್ತಾರೆ. ಫುಟ್‌ಬಾಲ್ ಆಡುವವರು, ಶ್ರೀಧರನಂತೆ, ಸೋಫಾದ ಮೇಲೆ ಮಾತ್ರ. ಅವನು ವಿಮಾನ ನಿಲ್ದಾಣದ ಕಾರ್ಗೋದಲ್ಲಿ ಕೆಲಸ ಮಾಡುವವನು. ಅಲ್ಲಿನ ಹನ್ನೊಂದು ಜನ ಆನ್‌ಲೈನಿನಲ್ಲಿ ಒಂದು ತಂಡ ಕಟ್ಟಿಕೊಂಡಿದ್ದರು. ಹೊಸಕೋಟೆಯಲ್ಲಿ ಮನೋಹರ್ ಎಂಬವನದು ಇನ್ನೊಂದು ತಂಡ. ಎರಡು ವರ್ಷದಿಂದ ಇವರಿಗೂ ಅವರಿಗೂ ಹೆಡ್‌ಫೋನಿನಲ್ಲೇ ಜಗಳ. ಯಾವುದೋ ಫೈನಲಿನ ಕೊನೆಯ ನಿಮಿಷದಲ್ಲಿ ನಮ್ಮ ಮನೆಯ ನೆಟ್ ಹೋಗಿ, ಶ್ರೀಧರನ ಗೋಲು ಲೆಕ್ಕಕ್ಕೆ ಬರದೆ ಅವರು ಗೆದ್ದರಂತೆ. ಒಬ್ಬರ ಮುಖ ಒಬ್ಬರು ನೋಡಿದವರಲ್ಲ.

“ಅವ್ರನ್ನೇ ಕರಿತೀನಿ” ಎಂದ ಶ್ರೀಧರ್. “ಗ್ರೌಂಡಲ್ಲೇ ನೋಡ್ಕೊಳಾಣ. ನಿನ್ಗೂ ಮ್ಯಾಚ್ ಸಿಕ್ತು, ನಮ್ಗೂ ಬಾಕಿ ತೀರ್ತು.”

ಅನಸೂಯ ಖುಷಿಯಾದಳು. ನನಗೆ ಹೆದರಿಕೆಯಾಯಿತು. ಹಿಂದೆ ಒಂದು ವಾಲಿಬಾಲ್ ಪಂದ್ಯದಲ್ಲಿ ನಮ್ಮೂರಿಗೂ ಪಕ್ಕದೂರಿಗೂ ಗೂಟ ಕಿತ್ತು ಹೊಡೆದಾಟವಾಗಿ ಆರು ಜನಕ್ಕೆ ಹೊಲಿಗೆ ಹಾಕಿಸಿದ್ದು ನಾನೇ. ಎರಡು ವರ್ಷ ಬೈದಾಡಿದ ಇಪ್ಪತ್ತೆರಡು ಜನ ಗಂಡಸರು, ನಡುವೆ ಸೀಟಿ ಹಿಡಿದ ನಮ್ಮ ಮನೆಯ ಹೆಣ್ಣುಮಗಳು. ಹೊಡೆದಾಟವಾದರೆ ಅವಳ ಪರೀಕ್ಷೆಯ ಗತಿಯೇನು?

ಪಂದ್ಯದ ಭಾನುವಾರ ಬೆಳಗ್ಗೆ ಅನಸೂಯ ಗೆರೆ ಎಳೆಯಲು ಹೋದದ್ದೇ ತಡ, ಶ್ರೀಧರನನ್ನೂ, ಬೈಕಿನಲ್ಲಿ ಬಂದಿಳಿದ ಮನೋಹರನನ್ನೂ ಅರಳಿಕಟ್ಟೆಗೆ ಕರೆದೆ. ಟೀ ತರಿಸಿದೆ. ಎರಡೂ ಕಡೆ ಕೇಳಿದೆ. ಆ ಗೋಲು ಹೋಯಿತೋ ಇಲ್ಲವೋ ಎನ್ನುವುದು ನನಗೆ ಈಗಲೂ ಅರ್ಥವಾಗಿಲ್ಲ, ಆದರೆ ಕೇಳಿಸಿಕೊಂಡೆ. ಆಮೇಲೆ ಹೇಳಿದೆ:

“ನೋಡ್ರಪ್ಪಾ. ಇವತ್ತು ಎರಡು–ಎರಡು ಗೋಲು. ಯಾರೂ ಗೆಲ್ಲಂಗಿಲ್ಲ, ಯಾರೂ ಸೋಲಂಗಿಲ್ಲ. ಒಬ್ಬರ ಮೈ ಒಬ್ರು ಮುಟ್ಟಂಗಿಲ್ಲ. ಹೆಣ್ಮಗಳು ಸೀಟಿ ಊದಿದ್ರೆ ತಲೆ ಬಗ್ಗಿಸ್ಕೊಂಡು ಹೋಗ್ತಾ ಇರ್ಬೇಕು. ಹಳೇದು ಇಲ್ಲಿಗೆ ಮುಗೀತು. ಒಪ್ಪಿಗೆನಾ?”

ಶ್ರೀಧರ್ ಗೊಣಗಿದ. ಮನೋಹರ್, ಪಾಪ, ಹಿರಿಯರೆಂದರೆ ಮರ್ಯಾದೆ ಇರುವ ಮನೆಯವನು. “ಆಯ್ತು ಯಜಮಾನ್ರೆ, ನೀವ್ ಹೇಳಿದ್ ಮೇಲೆ” ಎಂದ. ಇಬ್ಬರೂ ತಟ್ಟೆಯಿಂದ ವೀಳ್ಯ ಎತ್ತಿದರು. ಬಹಳ ದಿನಗಳ ಮೇಲೆ ಒಂದು ಒಳ್ಳೆಯ ನ್ಯಾಯ ಮಾಡಿದೆನೆಂದು ಹೆಮ್ಮೆಯಿಂದಲೇ ಮನೆಗೆ ಬಂದು ಮೂರು ಇಡ್ಲಿ ಹೆಚ್ಚಿಗೆ ತಿಂದೆ.

ಮೈದಾನವೆಂದರೆ ಊರಾಚೆಯ ಲೇಔಟಿನಲ್ಲಿ ಪಾರ್ಕಿಗೆಂದು ಬಿಟ್ಟ ಜಾಗ. ಬೋರ್ಡಿನ ಕಂಬಕ್ಕೆ ಫೋನು ಕಟ್ಟಿದ್ದರು, ಅದರೊಳಗೆ ಮೂರ್ತಿ. ಅನಸೂಯ ಕಪ್ಪು ಅಂಗಿ ತೊಟ್ಟು, ಕತ್ತಿನಲ್ಲಿ ಸೀಟಿ ಹಾಕಿಕೊಂಡು ನಡುವೆ ನಿಂತಿದ್ದಳು. ಅವಳ ಸುಣ್ಣದ ಗೆರೆ ನೂಲು ಹಿಡಿದು ಎಳೆದಷ್ಟು ನೆಟ್ಟಗಿತ್ತು. ಕದಿರಮ್ಮ, ಮುನಿತಾಯಮ್ಮ, ನಾನು ಗೆರೆಯ ಈಚೆ ಚಾಪೆ ಹಾಕಿಕೊಂಡು ಕೂತೆವು.

ಆಟ ಶುರುವಾಯಿತು. ಅದನ್ನು ಆಟವೆಂದು ಕರೆಯಬೇಕೋ ಬೇಡವೋ. ಹತ್ತು ನಿಮಿಷಕ್ಕೇ ಇಪ್ಪತ್ತೆರಡು ಜನವೂ ಮೊಣಕಾಲ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿದ್ದರು. ಮೈ ತಾಗಿದರೆ “ಸಾರಿ ಗುರು” ಎನ್ನುತ್ತಿದ್ದರು. ಮನೋಹರ್ ಚೆಂಡು ತಂದರೆ ಶ್ರೀಧರ್ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ನಮ್ಮ ಕಡೆಯ ಗೋಲ್‌ಕೀಪರ್ ಆಕಾಶದಲ್ಲಿ ಹೋಗುತ್ತಿದ್ದ ವಿಮಾನ ನೋಡುತ್ತಾ ನಿಂತ. ಒಂದು ಗೋಲಾಯಿತು. ಐದು ನಿಮಿಷ ಬಿಟ್ಟು ಅವರ ಕೀಪರ್ ಷೂ ಲೇಸು ಕಟ್ಟಲು ಕೂತ, ನಮ್ಮವರದೂ ಒಂದಾಯಿತು. ಅನಸೂಯ ಓಡುತ್ತಲೇ ಇದ್ದಳು. ಸೀಟಿ ಬಾಯಿಗೆ ಹೋಗುತ್ತಿತ್ತು, ಊದಲು ಕಾರಣವಿಲ್ಲದೆ ಇಳಿಯುತ್ತಿತ್ತು.

ಅರ್ಧ ಆಟ ಮುಗಿದಾಗ ಕಂಬದ ಫೋನಿನಿಂದ ಮೂರ್ತಿಯ ದನಿ ಬಂತು. “ಮೇಡಂ, ನಾನು ಏನ್ ನೋಡಿ ಮಾರ್ಕ್ಸ್ ಕೊಡ್ಲಿ? ಮೂವತ್ತು ನಿಮಿಷದಲ್ಲಿ ಒಂದು ಫೌಲ್ ಇಲ್ಲ, ಒಂದು ತೀರ್ಮಾನ ಇಲ್ಲ. ಇದು ಮ್ಯಾಚಾ, ನಾಟಕನಾ? ಸೆಕೆಂಡ್ ಹಾಫೂ ಹಿಂಗೇ ಆದ್ರೆ ನಾನು ಫೇಲ್ ಅಂತಾನೆ ಬರೀಬೇಕಾಗುತ್ತೆ.”

ಅನಸೂಯ ನೀರಿನ ಡ್ರಮ್ಮಿನ ಹತ್ತಿರ ಬಂದು ಲೋಟ ಹಿಡಿದಳು. “ಏನಾಗಿದೆ ಮಾವ ಇವ್ರಿಗೆ? ದಿನಾ ಕಿತ್ತಾಡೋರು, ಇವತ್ತೇ ಯಾಕೆ ಹಿಂಗೆ ಆಡ್ತಾವ್ರೆ?”

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. ಕಟ್ಟೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ.

ಅವಳು ಬೈಯುತ್ತಾಳೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಲೋಟ ಕೆಳಗಿಟ್ಟು, “ತೀರ್ಮಾನ ಎಲ್ಲಾ ಬೆಳಗ್ಗೆ ನೀವೇ ಮಾಡಿದ್ಮೇಲೆ, ಮೈದಾನದಲ್ಲಿ ನಾನ್ಯಾಕೆ ಮಾವ?” ಎಂದಳು. ಕಣ್ಣು ತುಂಬಿತ್ತು. ತೋಳಿನಿಂದ ಒರೆಸಿಕೊಂಡು ಗೆರೆಯೊಳಗೆ ಹೋದಳು.

ನನಗೆ ನಾಚಿಕೆಯಾಯಿತು. ಅರವತ್ತೇಳು ವರ್ಷದಲ್ಲಿ ಅಷ್ಟು ನಾಚಿಕೆ ಆಗಿರಲಿಲ್ಲ. ಟೂರ್ನಮೆಂಟಿಗೆ ಸೀಟಿ ಹಿಡಿದು ಬರುವ ಗಂಡಸು ಅವಳನ್ನು ಗೆರೆಯಾಚೆ ನಿಲ್ಲಿಸಿದ್ದಾದರೂ ಬಾಯಿಬಿಟ್ಟು ಹೇಳಿ. ನಾನು ಹೇಳದೆಯೇ ನಿಲ್ಲಿಸಿಬಿಟ್ಟಿದ್ದೆ, ಅದೂ ಒಳ್ಳೆಯದು ಮಾಡುತ್ತಿದ್ದೇನೆಂದು.

ಎದ್ದು ಹೋಗಿ ಇಬ್ಬರನ್ನೂ ಕರೆದೆ. ಅವರ ಹಿಂದೆ ಉಳಿದ ಇಪ್ಪತ್ತು ಜನವೂ ಬಂದು ನಿಂತರು.

“ಬೆಳಗ್ಗೆ ಕೊಟ್ಟ ವೀಳ್ಯ ವಾಪಸ್ ಕೊಡಿ” ಎಂದೆ.

ಶ್ರೀಧರ್ ಮಿಕಿಮಿಕಿ ನೋಡಿದ. “ಅಪ್ಪ, ನೀನು ಯಾವತ್ತೂ…”

“ಕೊಡು ಅಂದೆ. ನಾನು ಹೇಳಿದ ನ್ಯಾಯ ತಪ್ಪು. ವಾಪಸ್ ತಗೊಂಡಿದೀನಿ.”

ಈ ಮಾತು ಹೇಳಲು ನನಗೆಷ್ಟು ಕಷ್ಟವಾಯಿತೆಂದು ಅಲ್ಲಿದ್ದ ಹುಡುಗರಿಗೆ ಗೊತ್ತಿಲ್ಲ. ಚಾಪೆಯ ಮೇಲಿದ್ದ ಕದಿರಮ್ಮನಿಗೆ ಗೊತ್ತು. ಅವಳು ಸೆರಗು ಬಾಯಿಗಿಟ್ಟುಕೊಂಡು ನೋಡುತ್ತಿದ್ದಳು. ಶ್ರೀಧರ್ ಬ್ಯಾಗಿನಿಂದ ಬಾಡಿದ ಎಲೆ, ಅಡಿಕೆ ತೆಗೆದುಕೊಟ್ಟ. ಮನೋಹರ್ ತಲೆ ಕೆರೆದುಕೊಂಡ.

“ನಾನು ಅಗಿದುಬಿಟ್ನಲ್ಲ ಯಜಮಾನ್ರೆ.”

“ಹಂಗಾದ್ರೆ ಹೋಗಿ ಬಾಯಿ ಮುಕ್ಕಳಿಸಿ ಬಾ.”

ಅವನು ನಿಜಕ್ಕೂ ಡ್ರಮ್ಮಿಗೆ ಹೋಗಿ ಬಾಯಿ ಮುಕ್ಕಳಿಸಿ ಉಗಿದು ಬಂದ. “ಈಗ ನಿಮ್ಮಿಬ್ರ ಮಧ್ಯ ನಾನಿಲ್ಲ. ನಿಮ್ಗೆ ಹೆಂಗ್ ಆಡ್ಬೇಕು ಅನ್ಸುತ್ತೋ ಹಂಗ್ ಆಡಿ. ತಪ್ಪು ಮಾಡಿದ್ರೆ ಕೇಳೋಳು ಅವ್ಳು” ಎಂದು ಹೇಳಿ ಬಂದು ಚಾಪೆಯ ಮೇಲೆ ಕೂತೆ.

ಅಬ್ಬಾ, ಆಮೇಲಿನ ಆಟ. ಎರಡು ವರ್ಷದಿಂದ ಕಿವಿಯಲ್ಲಿ ತುಂಬಿಕೊಂಡಿದ್ದ ಬೈಗುಳವೆಲ್ಲ ಕಾಲಿಗಿಳಿಯಿತು. ಓಡಲಾರದವರೂ ಓಡಿದರು. ಅಂಗಿ ಎಳೆದರು, ಮೊಣಕೈಯಲ್ಲಿ ತಿವಿದರು. ಅನಸೂಯಳ ಸೀಟಿಗೆ ಬಿಡುವೇ ಇಲ್ಲ. ಒಬ್ಬನಿಗೆ ಹಳದಿ, ಇನ್ನೊಬ್ಬನಿಗೆ ಹಳದಿ. ವಿಮಾನ ಬಂದಾಗ ಸೀಟಿ ಕೇಳಿಸದಿದ್ದರೆ ತಾನೇ ಓಡಿಹೋಗಿ ಎದುರು ನಿಲ್ಲುತ್ತಿದ್ದಳು. ಹೊಸಕೋಟೆಯವರು ಇನ್ನೊಂದು ಗೋಲು ಹೊಡೆದು ಎರಡು–ಒಂದು ಮಾಡಿಕೊಂಡರು. ಸೋಲು ಕಂಡ ಶ್ರೀಧರನ ಮುಖ ಕೆಂಪಾಯಿತು.

ಇನ್ನು ಐದೇ ನಿಮಿಷವಿರಬಹುದು. ಮನೋಹರ್ ಚೆಂಡಿನೊಂದಿಗೆ ನಮ್ಮವರನ್ನೆಲ್ಲ ದಾಟಿ ಒಂಟಿಯಾಗಿ ಗೋಲಿನತ್ತ ಓಡುತ್ತಿದ್ದ. ಎದುರಿಗೆ ಕೀಪರ್ ಒಬ್ಬನೇ. ಶ್ರೀಧರ್ ಹಿಂದಿನಿಂದ ಓಡಿಬಂದು ಅವನ ಕಾಲಿಗೇ ಒದ್ದ. ಹುಡುಗ ಮಣ್ಣಿನಲ್ಲಿ ಎರಡು ಸುತ್ತು ಉರುಳಿದ.

ಅದೇ ತುಣುಕು. ನಾನು ಮಂಚದ ಮೇಲಿಂದ ಎಚ್ಚರಿಕೆ ಕೊಟ್ಟು ಬಿಡು ಎಂದಿದ್ದ ಅದೇ ತುಣುಕು.

ತಲೆಯ ಮೇಲೆ ವಿಮಾನ ಹೋಗುತ್ತಿತ್ತು. ಅನಸೂಯ ಊದುವುದು ಕಂಡಿತು, ಕೇಳಿಸಲಿಲ್ಲ. ಓಡಿಬಂದು ಗಂಡನ ಎದುರು ನಿಂತು ಕೆಂಪು ಚೀಟಿ ಎತ್ತಿದಳು. ಐದು ಸೆಕೆಂಡೂ ಆಗಿರಲಿಲ್ಲ.

“ಏ, ಗೇಮಲ್ಲಿ ಇದಕ್ಕೆ ಹಳದಿನೇ ಕೊಡೋದು” ಎಂದ ಶ್ರೀಧರ್. ಹೊಸಕೋಟೆಯವರು ಮುಗಿಬಿದ್ದರು, ಕಾರ್ಗೋದವರೂ ಬಂದರು. ಯಾರೋ ಯಾರನ್ನೋ ತಳ್ಳಿದರು. ಇಪ್ಪತ್ತು ದನಿ ಒಟ್ಟಿಗೆ ಎದ್ದವು. ನಾನು ಯಾವಾಗ ಚಾಪೆಯಿಂದ ಎದ್ದೆನೋ ತಿಳಿಯದು. ಕೈ ಎತ್ತಿಕೊಂಡು “ಇಲ್ಲಿ ಕೇಳ್ರಪ್ಪಾ, ಇಬ್ರೂ ಸ್ವಲ್ಪ…” ಎನ್ನುತ್ತಾ ನಡೆದೇಬಿಟ್ಟಿದ್ದೆ.

ಅನಸೂಯ ಗುಂಪಿನ ನಡುವಿನಿಂದಲೇ ನನ್ನ ಕಡೆ ತಿರುಗಿದಳು. ಈ ಮನೆಗೆ ಬಂದ ಮೇಲೆ ನನ್ನೆದುರು ದನಿ ಎತ್ತಿದವಳಲ್ಲ.

“ಮಾವ. ಗೆರೆ ಆಚೆ.”

ಕೆಳಗೆ ನೋಡಿದೆ. ಗೆರೆ ನನ್ನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿತ್ತು, ಚಪ್ಪಲಿಯ ತುದಿಗೆ ಸುಣ್ಣ ಮೆತ್ತಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಎತ್ತಿದ ಕೈ ಇಳಿಸಿಕೊಂಡು ವಾಪಸ್ ನಡೆದೆ. ನಾನು ನಡೆದದ್ದು ನೋಡಿ ತಳ್ಳಾಡುತ್ತಿದ್ದವರು ತಣ್ಣಗಾದರು. ಸ್ವಲ್ಪ ಹೊತ್ತಿಗೆ ಶ್ರೀಧರನೂ ಕಾಲೆಳೆದುಕೊಂಡು ಬಂದು ನನ್ನ ಪಕ್ಕ ಕೂತ.

“ಅಪ್ಪ, ನೀನೇ ನ್ಯಾಯ ಹೇಳು. ಅದು ಕೆಂಪಾ?”

ನಲವತ್ತು ವರ್ಷ ಇದನ್ನೇ ಕೇಳಿಸಿಕೊಳ್ಳಲು ಬದುಕಿದವನು ನಾನು.

“ತೀರ್ಮಾನ ಆಗಿದೆ. ಸುಮ್ನೆ ಕೂತ್ಕೋ” ಎಂದೆ.

ಹೊಸಕೋಟೆಯವರು ಎರಡು–ಒಂದರಿಂದ ಗೆದ್ದರು. ಮನೋಹರ್ ಕುಂಟುತ್ತಾ ಬಂದು ನನ್ನ ಕಾಲು ಮುಟ್ಟಿ ಹೋದ. ಶ್ರೀಧರ್ ಮೂರು ದಿನ ಹೆಂಡತಿಯೊಂದಿಗೆ ಮಾತಾಡಲಿಲ್ಲ. ನಾಲ್ಕನೆಯ ದಿನ ವೈಫೈ ಪಾಸ್‌ವರ್ಡ್ ಅವಳು ಬದಲಿಸಿದ್ದಾಳೆಂದು ಗೊತ್ತಾಗಿ ಮಾತಾಡಿದ.

ಹತ್ತು ದಿನಕ್ಕೆ ಫಲಿತಾಂಶ ಬಂತು. ಅನಸೂಯ ಪಾಸು. ಮೂರ್ತಿಯ ವರದಿಯನ್ನು ಜಗುಲಿಯಲ್ಲಿ ಕೂತು ನಮಗೆಲ್ಲ ಓದಿ ಹೇಳಿದಳು. ಮೊದಲರ್ಧ ಸಪ್ಪೆ ಎಂದಿತ್ತು. ಕೆಂಪು ಚೀಟಿಯ ತೀರ್ಮಾನ ತಕ್ಷಣದ್ದು, ಸರಿಯಾದದ್ದು ಎಂದಿತ್ತು. ಆಮೇಲೆ ಅವಳು ನಿಲ್ಲಿಸಿದಳು.

“ಮುಂದೆ ಏನೈತೆ? ಓದು” ಎಂದೆ.

ಅವಳು ತಲೆ ತಗ್ಗಿಸಿ ಓದಿದಳು. “ಮೈದಾನಕ್ಕೆ ನುಗ್ಗಿದ ಹೊರಗಿನ ವ್ಯಕ್ತಿಯೊಬ್ಬರನ್ನು ದೃಢವಾಗಿ, ಮರ್ಯಾದೆಯಿಂದ ಹಿಂದಕ್ಕೆ ಕಳಿಸಿದ್ದಾರೆ. ಇದಕ್ಕೆ ಪೂರ್ಣ ಅಂಕ.”

ಕದಿರಮ್ಮ ನಗು ತಡೆಯಲಾರದೆ ಒಳಗೆ ಎದ್ದುಹೋದಳು. ಶ್ರೀಧರ್ ಹೆಡ್‌ಫೋನ್ ತೆಗೆದು ನನ್ನ ಮುಖ ನೋಡಿದ. ನನಗೆ ಸಿಟ್ಟು ಬರಬೇಕಾಗಿತ್ತು. ಬಂದೂ ಬಂತು, ಸ್ವಲ್ಪ.

“ಆ ಕೊನೇದು ಇನ್ನೊಂದ್ಸಲ ಓದಮ್ಮ” ಎಂದೆ.